ಎಪ್ಪತ್ತರ ನಂತರ ಇಸ್ರೇಲಿಗೆ: ಇಬ್ಬರ ತಯಾರಿ, ಒಬ್ಬರ ಲೆಕ್ಕ

ಅಮೆರಿಕದಲ್ಲಿ ಹುಟ್ಟಿ ಬೆಳೆದು, ನೌಕರಿ ಮುಗಿಸಿ, ಎಪ್ಪತ್ತು ದಾಟಿದ ಮೇಲೆ ಇಸ್ರೇಲಿಗೆ ಹೋಗಿ ನೆಲೆಸುವ ಯಹೂದಿ ದಂಪತಿಗಳಿದ್ದಾರೆ. ಈ ವಲಸೆಗೆ ಅವರು ಅಲಿಯಾ ಎನ್ನುತ್ತಾರೆ. ಮೂವತ್ತರವರು ಎರಡು ಸೂಟ್‌ಕೇಸ್ ಹಿಡಿದು ಹೊರಟು, ಎಡವಟ್ಟಾದರೆ ಅಲ್ಲೇ ಸರಿಪಡಿಸಿಕೊಳ್ಳಬಹುದು. ಎಪ್ಪತ್ತೆರಡರಲ್ಲಿ ಹಾಗಿಲ್ಲ. ಮಾರಿದ ಮನೆ ತಿರುಗಿ ಬರುವುದಿಲ್ಲ, ಬಿಟ್ಟ ವಿಮೆ ಹಳೆಯ ದರಕ್ಕೆ ಸಿಗುವುದಿಲ್ಲ. ಹಾಗಾಗಿ ಒಂದೂವರೆ ವರ್ಷ ಮುಂಚೆ ಕೆಲಸ ಶುರುವಾಗಬೇಕು, ಕೆಲಸಗಳ ಕ್ರಮ ತಪ್ಪಬಾರದು: ಮೊದಲು ಕಾಗದಪತ್ರ, ಆಮೇಲೆ ವೈದ್ಯಕೀಯ, ಆಮೇಲೆ ಹಣಕಾಸು, ಕೊನೆಗೆ ಮನೆ. ಹೆಚ್ಚಿನವರು ಮನೆ ಮಾರುವುದರಿಂದ ಆರಂಭಿಸುತ್ತಾರೆ, ಅಲ್ಲೇ ಲೆಕ್ಕ ತಪ್ಪುತ್ತದೆ.

ಪ್ರತಿ ತೀರ್ಮಾನಕ್ಕೂ ಹಾಕಿ ನೋಡಬೇಕಾದ ಪ್ರಶ್ನೆ ಇನ್ನೊಂದಿದೆ. ಇಬ್ಬರಲ್ಲಿ ಒಬ್ಬರೇ ಉಳಿದ ದಿನ ಈ ಏರ್ಪಾಡು ನಡೆಯುತ್ತದೆಯೇ? ಮಾತಾಡಲು ಕಷ್ಟದ ವಿಷಯ, ನಿಜ. ಆದರೆ ಈ ವಯಸ್ಸಿನ ವಲಸೆಯಲ್ಲಿ ಎಲ್ಲವೂ ಕೊನೆಗೆ ಅದಕ್ಕೇ ಬಂದು ನಿಲ್ಲುತ್ತದೆ.

ಕಾಗದಪತ್ರ

1950ರ ಹಿಂದಿರುಗುವ ಹಕ್ಕಿನ ಕಾಯ್ದೆ ಎಲ್ಲದಕ್ಕೂ ಆಧಾರ. 1970ರ ತಿದ್ದುಪಡಿ ಈ ಹಕ್ಕನ್ನು ಯಹೂದಿಯ ಮಕ್ಕಳು, ಮೊಮ್ಮಕ್ಕಳು ಮತ್ತು ಅವರೆಲ್ಲರ ಸಂಗಾತಿಗಳಿಗೂ ವಿಸ್ತರಿಸಿತು. ಗಂಡ ಹೆಂಡತಿಯಲ್ಲಿ ಒಬ್ಬರೇ ಯಹೂದಿಯಾದರೂ ಇಬ್ಬರೂ ಹೋಗಬಹುದು. ಅಮೆರಿಕದಿಂದ ಹೋಗುವವರ ಅರ್ಜಿಯನ್ನು 2002ರಲ್ಲಿ ಶುರುವಾದ ನೆಫೆಶ್ ಬೆನೆಫೆಶ್ ಸಂಸ್ಥೆ, ವಲಸಿಗರ ಅರ್ಹತೆ ನೋಡುವ ಜ್ಯೂಯಿಶ್ ಏಜೆನ್ಸಿಯ ಜತೆಗೂಡಿ ನಡೆಸುತ್ತದೆ.

ಇಬ್ಬರ ಜನನ ಪ್ರಮಾಣಪತ್ರ, ಮದುವೆಯ ಪ್ರಮಾಣಪತ್ರ, ಹಿಂದೆ ವಿಚ್ಛೇದನ ಆಗಿದ್ದರೆ ಅದರ ಆದೇಶ, ಹಿಂದಿನ ಸಂಗಾತಿ ತೀರಿಹೋಗಿದ್ದರೆ ಮರಣ ಪ್ರಮಾಣಪತ್ರ, ಹೆಸರು ಬದಲಾಗಿದ್ದರೆ ಅದರ ದಾಖಲೆ: ಇಷ್ಟು ಬೇಕು. ಮನೆಯ ಪೆಟ್ಟಿಗೆಯಲ್ಲಿ ಐವತ್ತು ವರ್ಷದಿಂದ ಜೋಪಾನವಾಗಿರುವ ಪ್ರತಿ ಹೆಚ್ಚಾಗಿ ಕೆಲಸಕ್ಕೆ ಬರುವುದಿಲ್ಲ. ದಾಖಲೆಯನ್ನು ಹೊರದೇಶದಲ್ಲಿ ಒಪ್ಪುವಂತೆ ದೃಢೀಕರಿಸುವ ಮುದ್ರೆಗೆ ಅಪೋಸ್ಟಿಲ್ ಎನ್ನುತ್ತಾರೆ. ಅದನ್ನು ಹಾಕುವ ಕಚೇರಿಗೆ ಈಗಿನ ಅಧಿಕಾರಿಯ ಸಹಿ, ಮೊಹರು ಇರುವ ಹೊಸ ದೃಢೀಕೃತ ಪ್ರತಿಯೇ ಬೇಕು. ಜನನ ಪ್ರಮಾಣಪತ್ರದಲ್ಲಿ ತಂದೆತಾಯಿಯ ಹೆಸರಿರುವ ಉದ್ದನೆಯ ನಮೂನೆಯನ್ನೇ ಕೇಳಿ ಪಡೆಯಬೇಕು, ಚಿಕ್ಕ ನಮೂನೆಯಲ್ಲಿ ಆ ಹೆಸರುಗಳು ಇರುವುದಿಲ್ಲ.

ಅಪೋಸ್ಟಿಲ್ ವಿಷಯದಲ್ಲಿ ಒಂದು ನಿಯಮ ಗಟ್ಟಿಯಾಗಿ ನೆನಪಿಡಬೇಕು. ರಾಜ್ಯ ಕೊಟ್ಟ ದಾಖಲೆಗೆ ಆ ರಾಜ್ಯದ ಅಪೋಸ್ಟಿಲ್, ಕೇಂದ್ರ ಸರ್ಕಾರ ಕೊಟ್ಟದ್ದಕ್ಕೆ ವಾಷಿಂಗ್ಟನ್ನಿನ ವಿದೇಶಾಂಗ ಇಲಾಖೆಯ ಅಪೋಸ್ಟಿಲ್. ಬ್ರೂಕ್ಲಿನ್ನಿನಲ್ಲಿ ಹುಟ್ಟಿ, ಓಹಾಯೊದಲ್ಲಿ ಮದುವೆಯಾದವರು ಈಗ ಫ್ಲಾರಿಡಾದಲ್ಲಿ ವಾಸವಿದ್ದರೂ ನ್ಯೂಯಾರ್ಕ್, ಓಹಾಯೊ ಎರಡೂ ರಾಜ್ಯಗಳಿಗೆ ಅರ್ಜಿ ಹಾಕಬೇಕಾಗುತ್ತದೆ. ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದವರಿಗೆ ಇನ್ನೂ ಒಂದು ಸುತ್ತು ಹೆಚ್ಚು. ನಗರದ ಆರೋಗ್ಯ ಇಲಾಖೆಯಿಂದ ಪ್ರಮಾಣಪತ್ರದ ಜತೆಗೆ ಅದು ಅಸಲಿ ಎಂದು ಹೇಳುವ ಪತ್ರ, ಆಮೇಲೆ ಕೌಂಟಿ ಕ್ಲರ್ಕಿನ ದೃಢೀಕರಣ, ಅದಾದ ಮೇಲೆ ರಾಜ್ಯದ ಅಪೋಸ್ಟಿಲ್. ಈ ಪತ್ರವನ್ನು ಮೊದಲೇ ಕೇಳದಿದ್ದರೆ ಇಡೀ ಸುತ್ತನ್ನು ಮತ್ತೆ ಹಾಕಬೇಕು.

ಎಫ್‌ಬಿಐ ಕೊಡುವ ಅಪರಾಧ ಹಿನ್ನೆಲೆಯ ವರದಿಯೂ ಬೇಕು. ಅದು ಕೇಂದ್ರ ಸರ್ಕಾರದ ದಾಖಲೆ, ಅದರ ಅಪೋಸ್ಟಿಲ್ ವಾಷಿಂಗ್ಟನ್ನಿನದೇ. ವರದಿಯ ಶುಲ್ಕ ತಲಾ 18 ಡಾಲರ್. ವರದಿ ಇತ್ತೀಚಿನದಾಗಿರಬೇಕು, ಹಾಗಾಗಿ ಉಳಿದ ಕಾಗದಗಳೆಲ್ಲ ಕೈಸೇರುವ ಹೊತ್ತಿಗೆ ಇದಕ್ಕೆ ಅರ್ಜಿ ಹಾಕುವುದು ಸರಿ. ಅರ್ಜಿಯ ಜತೆ ಬೆರಳಚ್ಚು ಕೊಡಬೇಕು, ಇಲ್ಲಿ ವಯಸ್ಸಾದವರಿಗೇ ಎದುರಾಗುವ ತೊಡಕೊಂದಿದೆ. ಎಪ್ಪತ್ತರ ಮೇಲೆ ಬೆರಳಿನ ಗೆರೆ ಸವೆದಿರುತ್ತದೆ, ಚರ್ಮ ಒಣಗಿರುತ್ತದೆ, ಅಚ್ಚು ಅಸ್ಪಷ್ಟವಾಗಿ ಅರ್ಜಿ ತಿರಸ್ಕೃತವಾಗುತ್ತದೆ. ಒಂದು ವಾರ ಮೊದಲಿಂದ ರಾತ್ರಿ ಕೈಗೆ ಲೋಷನ್ ಹಚ್ಚಿಕೊಳ್ಳುವುದು, ಅಚ್ಚು ಕೊಡುವ ಬೆಳಿಗ್ಗೆ ಮಾತ್ರ ಹಚ್ಚದಿರುವುದು, ಒಂದಕ್ಕಿಂತ ಹೆಚ್ಚು ಕಾರ್ಡಿನಲ್ಲಿ ಅಚ್ಚು ತೆಗೆಸಿ ಒಟ್ಟಿಗೆ ಕಳಿಸುವುದು, ಇವುಗಳಿಂದ ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ.

ಯಹೂದಿ ಎಂಬುದಕ್ಕೆ ಸಿನಗಾಗಿನ (ಯಹೂದಿ ಪ್ರಾರ್ಥನಾ ಮಂದಿರದ) ರಬ್ಬಿ, ಅಂದರೆ ಧರ್ಮಗುರು, ತಮ್ಮ ಲೆಟರ್‌ಹೆಡ್‌ನಲ್ಲಿ ಪತ್ರ ಕೊಡಬೇಕು. ಅರ್ಜಿದಾರರ ಹೆಸರು, ತಂದೆತಾಯಿಯ ಹೆಸರು, ತಾಯಿ ಯಹೂದಿ ಎಂಬುದು ರಬ್ಬಿಗೆ ಹೇಗೆ ಗೊತ್ತು ಎಂಬುದು ಅದರಲ್ಲಿರಬೇಕು. ಕುಟುಂಬವನ್ನು ಬಲ್ಲ ಹಳೆಯ ರಬ್ಬಿ ಬದುಕಿದ್ದರೆ ಈ ಪತ್ರವನ್ನೇ ಎಲ್ಲಕ್ಕಿಂತ ಮೊದಲು ಬರೆಸಿಕೊಳ್ಳಿ. ತಂದೆತಾಯಿಯ ಕೆತುಬಾ, ಅಂದರೆ ಮದುವೆಯ ಕರಾರುಪತ್ರ, ಮತ್ತು ಹೀಬ್ರೂ ಹೆಸರು ಕೆತ್ತಿದ ಸಮಾಧಿಕಲ್ಲಿನ ಫೋಟೊ ಪೂರಕವಾಗಿ ನೆರವಾಗುತ್ತವೆ. ಮತಾಂತರಗೊಂಡವರಾದರೆ ಮತಾಂತರದ ಪ್ರಮಾಣಪತ್ರ ಬೇಕು.

ಹೆಸರಿನ ಗೊಂದಲವೇ ಅತಿ ಹೆಚ್ಚು ಕಡತಗಳನ್ನು ನಿಲ್ಲಿಸುವುದು. ಜನನಪತ್ರದಲ್ಲಿ ಶ್ಮುಯೆಲ್, ಪಾಸ್‌ಪೋರ್ಟಿನಲ್ಲಿ ಸ್ಯಾಮ್ಯುಯೆಲ್, ಮದುವೆಯ ಪತ್ರದಲ್ಲಿ ಸ್ಯಾಮ್. ಹೆಂಗಸರದು ತವರಿನ ಹೆಸರು, ಮೊದಲ ಮದುವೆಯ ಹೆಸರು, ಈಗಿನ ಹೆಸರು. ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿ, ಯಾವುದರಲ್ಲಿ ಯಾವ ಹೆಸರು ಎಂದು ಒಂದು ಹಾಳೆಯಲ್ಲಿ ಬರೆದರೆ, ಕೊಂಡಿ ಎಲ್ಲಿ ತಪ್ಪಿದೆ ಎಂಬುದು ಅರ್ಧ ಗಂಟೆಯಲ್ಲಿ ಕಾಣುತ್ತದೆ. ಗಂಡನಿಗೊಂದು, ಹೆಂಡತಿಗೊಂದು, ಬೇರೆ ಬೇರೆ ಫೈಲ್ ಇಡಬೇಕು, ಮದುವೆಯ ಪತ್ರದ ಪ್ರತಿ ಎರಡರಲ್ಲೂ ಇರಬೇಕು. ವಿಧವೆ ಅಥವಾ ವಿಧುರರಾದಾಗ ಕಚೇರಿಗಳು ಮೊದಲು ಕೇಳುವುದು ಅದನ್ನೇ.

ಔಷಧಿ, ವೈದ್ಯರು, ವಿಮೆ

ಇಸ್ರೇಲಿನಲ್ಲಿ 1995ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಆರೋಗ್ಯ ವಿಮಾ ಕಾಯ್ದೆ ವಯಸ್ಸನ್ನೂ ಹಳೆಯ ಕಾಯಿಲೆಯನ್ನೂ ನೋಡದೆ ಪ್ರತಿ ನಿವಾಸಿಗೂ ಚಿಕಿತ್ಸೆಯ ಹಕ್ಕು ಕೊಡುತ್ತದೆ. ಹೃದಯದ ಶಸ್ತ್ರಚಿಕಿತ್ಸೆ ಆದವರೂ ಮಧುಮೇಹ ಇರುವವರೂ ಬಂದ ದಿನದಿಂದಲೇ ಸೇರುತ್ತಾರೆ. ಈ ಸೇವೆ ಕೊಡುವ ನಿಧಿಗಳಿಗೆ ಕುಪಾತ್ ಖೋಲಿಮ್ ಎನ್ನುತ್ತಾರೆ. ಇರುವುದು ನಾಲ್ಕು: ಕ್ಲಾಲಿತ್, ಮಕಾಬಿ, ಮೆಉಖೆದೆತ್, ಲೆಉಮಿತ್. ಯಾವುದು ಒಳ್ಳೆಯದು ಎಂದು ದೇಶದ ಮಟ್ಟದಲ್ಲಿ ಕೇಳಿ ಪ್ರಯೋಜನವಿಲ್ಲ. ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಯಾವುದರ ಕ್ಲಿನಿಕ್ ಇದೆ, ತಮಗೆ ಬೇಕಾದ ಹೃದ್ರೋಗ ಅಥವಾ ಮೂತ್ರಪಿಂಡದ ತಜ್ಞರು ಯಾವುದರಲ್ಲಿದ್ದಾರೆ, ಇಂಗ್ಲಿಷ್ ಮಾತಾಡುವ ಕುಟುಂಬ ವೈದ್ಯರು ಯಾರು, ಇಷ್ಟು ವಿಚಾರಿಸಿದರೆ ಉತ್ತರ ತಾನೇ ಸಿಗುತ್ತದೆ. ಇದರ ಮೇಲೆ ಪೂರಕ ವಿಮೆ ಇದೆ. ಕಾಯಿಲೆಯ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ, ಆದರೆ ಕೆಲವು ಸೌಲಭ್ಯಗಳಿಗೆ ಕಾಯುವ ಅವಧಿ ಇರುತ್ತದೆ. ಸೇರುವುದಾದರೆ ಮೊದಲ ವಾರದಲ್ಲೇ ಸೇರುವುದು ಜಾಣತನ. ದೀರ್ಘಕಾಲದ ಶುಶ್ರೂಷೆಯ ವಿಮೆ ಬೇರೆಯದು, ಅದಕ್ಕೆ ಆರೋಗ್ಯ ತಪಾಸಣೆ ಉಂಟು, ತಿರಸ್ಕಾರವೂ ಉಂಟು.

ಹೊರಡುವ ಮುನ್ನ ಮೂರು ತಿಂಗಳ ಔಷಧಿ ಕೈಯಲ್ಲಿರಬೇಕು, ಅದೂ ವಿಮಾನದಲ್ಲಿ ಜತೆಗಿರುವ ಬ್ಯಾಗಿನಲ್ಲಿ. ಇನ್ಸುಲಿನ್‌ಗೆ ತಂಪು ಚೀಲ ಬೇಕು. ಔಷಧಿಯ ಪಟ್ಟಿಯಲ್ಲಿ ಬ್ರ್ಯಾಂಡಿನ ಹೆಸರಿನ ಬದಲು ಮೂಲ ರಾಸಾಯನಿಕದ ಹೆಸರು, ಪ್ರಮಾಣ, ಯಾವ ಕಾಯಿಲೆಗೆ ಎಂಬುದನ್ನು ಬರೆಸಬೇಕು, ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಆಮೇಲೆ ಪ್ರತಿ ಔಷಧಿಯೂ ಇಸ್ರೇಲಿನ ಸರ್ಕಾರಿ ಆರೋಗ್ಯ ಬುಟ್ಟಿಯಲ್ಲಿ, ಅಂದರೆ ವಿಮೆಯಡಿ ಸಿಗುವ ಔಷಧಿ ಮತ್ತು ಚಿಕಿತ್ಸೆಗಳ ಪಟ್ಟಿಯಲ್ಲಿ, ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಬದಲಿ ಔಷಧಿಗೆ ಅಮೆರಿಕದಲ್ಲಿರುವಾಗಲೇ, ಬಲ್ಲ ವೈದ್ಯರ ಕಣ್ಣೆದುರೇ ಹೊಂದಿಕೊಳ್ಳುವುದು ಕ್ಷೇಮ. ಹೊಸ ಊರಿನಲ್ಲಿ, ಹೊಸ ವೈದ್ಯರ ಬಳಿ, ಮೊದಲ ತಿಂಗಳಲ್ಲೇ ರಕ್ತ ತೆಳುವಾಗಿಸುವ ಮಾತ್ರೆ ಬದಲಿಸುವ ಪರಿಸ್ಥಿತಿ ಯಾರಿಗೂ ಬೇಡ. ಸ್ಕ್ಯಾನ್‌ಗಳ ಸಿಡಿ, ಪೇಸ್‌ಮೇಕರ್ ಕಾರ್ಡ್, ಮಂಡಿಯಲ್ಲಿ ಕೂರಿಸಿದ ಕೀಲಿನ ತಯಾರಕರ ಚೀಟಿ ಇವೂ ಇರಲಿ. ಇಂಗ್ಲಿಷಿನಲ್ಲಿದ್ದರೆ ಸಾಕು, ಅಲ್ಲಿನ ವೈದ್ಯರು ಓದುತ್ತಾರೆ.

ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಸಾಮಾನ್ಯವಾಗಿ ಹೊರದೇಶದಲ್ಲಿ ನಡೆಯುವುದಿಲ್ಲ. ಆಸ್ಪತ್ರೆ ವಾಸದ ಖರ್ಚಿನ ಭಾಗ ಎ ಬಹುತೇಕರಿಗೆ ಉಚಿತ, ಹಾಗೇ ಇಟ್ಟುಕೊಳ್ಳಬಹುದು. ಪ್ರಶ್ನೆ ಇರುವುದು ವೈದ್ಯರ ಖರ್ಚಿನ ಭಾಗ ಬಿ ಬಗ್ಗೆ. 2025ರಲ್ಲಿ ಅದರ ಮೂಲ ಕಂತು ತಿಂಗಳಿಗೆ ತಲಾ 185 ಡಾಲರ್ ಇತ್ತು, ಇಬ್ಬರಿಗೆ ವರ್ಷಕ್ಕೆ 4,440. ಬಳಸದ ವಿಮೆಗೆ ಇಷ್ಟು ಏಕೆ ಎಂದು ಬಿಟ್ಟರೆ, ಮುಂದೆ ಮತ್ತೆ ಸೇರುವಾಗ ಬಿಟ್ಟಿದ್ದ ಪ್ರತಿ ಪೂರ್ಣ 12 ತಿಂಗಳಿಗೆ 10 ಶೇಕಡಾ ದಂಡ ಸೇರುತ್ತದೆ, ಅದು ಬದುಕಿರುವವರೆಗೂ ಕಂತಿನ ಜತೆ ಬರುತ್ತದೆ. ಸೇರುವುದೂ ಸಾಮಾನ್ಯವಾಗಿ ಜನವರಿ 1ರಿಂದ ಮಾರ್ಚ್ 31ರವರೆಗೆ ಮಾತ್ರ. ಇಲ್ಲಿ ಆ ಒಬ್ಬರ ಪ್ರಶ್ನೆಯನ್ನು ಹಾಕಿ ನೋಡಿ. ಒಬ್ಬರು ತೀರಿಕೊಂಡರೆ ಉಳಿದವರು ಅಮೆರಿಕದ ಮಕ್ಕಳ ಹತ್ತಿರ ಮರಳುತ್ತಾರೆಯೇ? ಹೌದಾದರೆ, ಕನಿಷ್ಠ ಮೊದಲ ಎರಡು ಮೂರು ವರ್ಷ ಭಾಗ ಬಿ ಉಳಿಸಿಕೊಳ್ಳುವುದು ಸರಿ ಎಂಬುದು ನನ್ನ ನಿಲುವು. ಮಕ್ಕಳೆಲ್ಲ ಇಸ್ರೇಲಿನಲ್ಲೇ ಇದ್ದರೆ ಬಿಡಬಹುದು.

ಹಣ

ಇಸ್ರೇಲಿನ ಬಿತುಆಖ್ ಲೆಉಮಿ, ಅಂದರೆ ರಾಷ್ಟ್ರೀಯ ವಿಮಾ ಸಂಸ್ಥೆ, ಕೊಡುವ ಸಾಮಾನ್ಯ ವೃದ್ಧಾಪ್ಯ ಪಿಂಚಣಿಗೆ 60–62 ದಾಟಿದ ಮೇಲೆ ಮೊದಲ ಬಾರಿ ವಲಸೆ ಬಂದವರು ಸೇರುವುದಿಲ್ಲ. ಅವರಿಗೆ ವಿಶೇಷ ಭತ್ಯೆಯೊಂದಿದೆ, ಅದು ಆದಾಯ ನೋಡಿ ಕೊಡುವಂಥದ್ದು. ಅಮೆರಿಕದ ಸರ್ಕಾರಿ ಪಿಂಚಣಿಯಾದ ಸೋಷಿಯಲ್ ಸೆಕ್ಯುರಿಟಿ ಬರುವವರು ಆ ಭತ್ಯೆಯನ್ನು ಬಜೆಟ್ಟಿನಲ್ಲಿ ಹಿಡಿಯದಿರುವುದು ಒಳ್ಳೆಯದು. ಹೊಸಬರಿಗೆ ಸಿಗುವ ಸಾಲ್ ಕ್ಲಿತಾ ಎಂಬ ನೆಲೆಗೊಳ್ಳುವ ಧನ ಮೊದಲ ತಿಂಗಳುಗಳ ಕೈಖರ್ಚಿಗೆ ಸರಿಹೋಗುತ್ತದೆ, ಅಷ್ಟೇ. ನಿವೃತ್ತರಿಗೆ ಅದು ಕಡಿಮೆಯೇ.

ಸೋಷಿಯಲ್ ಸೆಕ್ಯುರಿಟಿ ಇಸ್ರೇಲಿನಲ್ಲೂ ಬರುತ್ತದೆ. ಇಬ್ಬರಲ್ಲಿ ಒಬ್ಬರು ಹೋದರೆ ಉಳಿದವರಿಗೆ ಎರಡರಲ್ಲಿ ದೊಡ್ಡ ಮೊತ್ತ ಮಾತ್ರ ಮುಂದುವರಿಯುತ್ತದೆ, ಚಿಕ್ಕದು ನಿಲ್ಲುತ್ತದೆ. ಬಾಡಿಗೆ ಮಾತ್ರ ಅರ್ಧವಾಗುವುದಿಲ್ಲ. ಆದ್ದರಿಂದ ಬಾಡಿಗೆಯ ಮಿತಿಯನ್ನು ಆ ದೊಡ್ಡ ಮೊತ್ತದ ಮೇಲೆ ಲೆಕ್ಕ ಹಾಕಬೇಕು. ಆದಾಯ ಡಾಲರಿನಲ್ಲಿ, ಖರ್ಚು ಇಸ್ರೇಲಿನ ಹಣವಾದ ಶೆಕೆಲಿನಲ್ಲಿ. ಡಾಲರ್ ಕುಸಿದ ವರ್ಷ ಕೈ ಕಟ್ಟಿಹೋಗದಿರಲು ಒಂದು ವರ್ಷದ ಬಾಡಿಗೆಯಷ್ಟು ಶೆಕೆಲಿನಲ್ಲೇ ಇರಲಿ.

ಅಮೆರಿಕದ ನಾಗರಿಕರು ಎಲ್ಲಿದ್ದರೂ ಅಮೆರಿಕಕ್ಕೆ ತೆರಿಗೆ ವಿವರ ಸಲ್ಲಿಸಬೇಕು. ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಎಂಬ ಪ್ರತ್ಯೇಕ ವರದಿ ಕಡ್ಡಾಯ. ಇಸ್ರೇಲ್ ಹೊಸ ವಲಸಿಗರ ಹೊರದೇಶದ ಆದಾಯಕ್ಕೆ 10 ವರ್ಷ ತೆರಿಗೆ ವಿನಾಯಿತಿ ಕೊಡುತ್ತದೆ, ಆದರೆ 2026ರ ಜನವರಿ 1ರಿಂದ ಬರುವವರು ಆ ಆದಾಯವನ್ನು ಘೋಷಿಸಬೇಕು. ಎಪ್ಪತ್ತೆರಡರಲ್ಲಿ ಹೋದವರಿಗೆ ವಿನಾಯಿತಿ ಎಂಬತ್ತೆರಡರಲ್ಲಿ ಮುಗಿಯುತ್ತದೆ, ಹೊಸ ಕಾಗದದ ಕೆಲಸಕ್ಕೆ ಯಾರಿಗೂ ಹುಮ್ಮಸ್ಸಿಲ್ಲದ ವಯಸ್ಸದು. ಎರಡೂ ದೇಶಗಳ ತೆರಿಗೆ ಬಲ್ಲ ಲೆಕ್ಕಿಗರನ್ನು ಹೊರಡುವ ಮುನ್ನವೇ ಗೊತ್ತುಮಾಡಿಕೊಳ್ಳಿ. ಇಸ್ರೇಲಿನ ಬ್ಯಾಂಕಿನವರು ಹೇಳುವ ಸ್ಥಳೀಯ ಮ್ಯೂಚುವಲ್ ಫಂಡಿಗೆ ಕೈಹಾಕಬಾರದು, ಅಮೆರಿಕದ ತೆರಿಗೆ ನಿಯಮದಲ್ಲಿ ಅದಕ್ಕೆ ಬೀಳುವ ಹೊರೆ ಲಾಭವನ್ನೇ ನುಂಗುತ್ತದೆ.

ಎರಡು ವರ್ಷ ವಾಸವಿದ್ದ ಸ್ವಂತ ಮನೆ ಮಾರಿದಾಗ ದಂಪತಿಗೆ 5 ಲಕ್ಷ ಡಾಲರ್‌ವರೆಗಿನ ಲಾಭಕ್ಕೆ ಅಮೆರಿಕದ ತೆರಿಗೆ ಇಲ್ಲ. ಆ ಎರಡು ವರ್ಷ ಮಾರಾಟಕ್ಕೆ ಹಿಂದಿನ ಐದು ವರ್ಷದೊಳಗೆ ಬರಬೇಕು. ಅಂದರೆ ಮನೆ ಬಾಡಿಗೆಗೆ ಕೊಟ್ಟು ಹೋಗಿ, ಅಲ್ಲಿ ಒಗ್ಗುತ್ತದೆಯೇ ಎಂದು ನೋಡಿ, ಮೂರು ವರ್ಷ ತುಂಬುವುದರೊಳಗೆ ಮಾರಬಹುದು. ಅವಸರದಲ್ಲಿ ಮಾರುವುದಕ್ಕಿಂತ ಇದು ಎಷ್ಟೋ ವಾಸಿ. ಮಾರಾಟಕ್ಕೆ ಬೇಕಾದ ಅಧಿಕಾರ ಪತ್ರವನ್ನು ಮಗನಿಗೋ ಮಗಳಿಗೋ ಅಮೆರಿಕದಲ್ಲೇ ಬರೆದುಕೊಟ್ಟು ಹೊರಡಬೇಕು.

ಸಣ್ಣದೆನಿಸಿದರೂ ಜನರನ್ನು ಹೆಚ್ಚು ಗೋಳಾಡಿಸುವುದು ಫೋನ್ ನಂಬರು. ಅಮೆರಿಕದ ಬ್ಯಾಂಕು, ಪಿಂಚಣಿ ನಿಧಿ ಎಲ್ಲವೂ ಅಮೆರಿಕದ ನಂಬರಿಗೆ ಒಟಿಪಿ ಕಳಿಸುತ್ತವೆ, ಇಂಟರ್ನೆಟ್ ನಂಬರುಗಳನ್ನು ಕೆಲವು ಒಪ್ಪುವುದಿಲ್ಲ. ಹಳೆಯ ನಂಬರನ್ನು ಅಗ್ಗದ ಪ್ಲಾನಿಗೆ ಬದಲಿಸಿ ಉಳಿಸಿಕೊಂಡು, ಪ್ರತಿ ಖಾತೆಗೂ ಒಟಿಪಿ ಬರುತ್ತದೆಯೇ ಎಂದು ಹೊರಡುವ ಮೊದಲೇ ಪರೀಕ್ಷಿಸಬೇಕು. ಎಲ್ಲ ಖಾತೆಗಳೂ ಗಂಡನ ಒಂದೇ ಫೋನಿಗೆ ಅಂಟಿಕೊಂಡಿದ್ದರೆ, ಆ ಫೋನಿನ ಬೀಗ ಹೆಂಡತಿಗೆ ತಿಳಿಯದಿದ್ದರೆ, ಮುಂದೊಂದು ದಿನ ಹಣ ಕಣ್ಣಿಗೆ ಕಂಡೂ ಕೈಗೆ ಸಿಗುವುದಿಲ್ಲ.

ಇಸ್ರೇಲಿನಲ್ಲಿ ಜಂಟಿ ಖಾತೆ ತೆರೆಯುವಾಗ ಡಬ್ಲ್ಯು-9 ಎಂಬ ಅಮೆರಿಕದ ತೆರಿಗೆ ನಮೂನೆಗೆ ಸಹಿ ಕೇಳುತ್ತಾರೆ. ಅದೇ ಹೊತ್ತಿನಲ್ಲಿ ದೀರ್ಘಾಯುಷ್ಯದ ಷರತ್ತು ಎಂಬ ಕಲಮನ್ನು ಸೇರಿಸಲು ಮರೆಯಬಾರದು. ಅದಿಲ್ಲದಿದ್ದರೆ ಒಬ್ಬರು ತೀರಿಕೊಂಡ ಸುದ್ದಿ ತಿಳಿದ ಕೂಡಲೇ ಜಂಟಿ ಖಾತೆಯೂ ಸ್ಥಗಿತವಾಗಬಹುದು. ಅದಿದ್ದರೆ ಉಳಿದವರು ವ್ಯವಹಾರ ಮುಂದುವರಿಸುತ್ತಾರೆ.

ಊರು, ಮನೆ

ನೋಡಿಬರುವ ಪ್ರವಾಸವನ್ನು ಹಬ್ಬದ ದಿನಗಳಲ್ಲಿ ಇಟ್ಟುಕೊಳ್ಳಬಾರದು. ಪೆಸಾಖ್, ಸುಕ್ಕೋತ್ ಸಮಯದಲ್ಲಿ ಊರೆಲ್ಲ ಸಂಭ್ರಮ, ಆದರೆ ಕಚೇರಿಗಳು ಅರ್ಧ ಮುಚ್ಚಿರುತ್ತವೆ. ಆಗಸ್ಟಿನ ಬಿಸಿಲಿಗೆ ಒಮ್ಮೆ, ಜನವರಿಯ ಚಳಿಗೆ ಒಮ್ಮೆ ಹೋಗುವುದು ಮೇಲು. ಜೆರುಸಲೇಮಿನ ಕಲ್ಲುನೆಲದ ಮನೆಗಳು ಚಳಿಗಾಲದಲ್ಲಿ ಮಂಡಿನೋವಿನವರಿಗೆ ಕಠಿಣ. ಹೈಫಾ ಬೆಟ್ಟದ ಮೇಲಿದೆ, ನಕ್ಷೆಯಲ್ಲಿ ಮುನ್ನೂರು ಮೀಟರ್ ಎಂದು ಕಂಡದ್ದು ಮೆಟ್ಟಿಲಾಗಿರಬಹುದು. ನೆತಾನ್ಯಾ ಮತ್ತು ರಆನಾನಾ ಸಮತಟ್ಟು, ರಆನಾನಾದಲ್ಲಿ ಇಂಗ್ಲಿಷ್ ಮಾತಾಡುವವರು ಬಹಳ.

ಅಲ್ಲಿ ಮೂರು ಕೋಣೆಯ ಮನೆ ಎಂದರೆ ಎರಡು ಮಲಗುವ ಕೋಣೆ ಮತ್ತು ಹಾಲ್. ಲಿಫ್ಟ್ ಇರಲೇಬೇಕು. ವಿದ್ಯುತ್ ಗುಂಡಿ ಒತ್ತದಿರುವ ವಾರದ ವಿಶ್ರಾಂತಿ ದಿನವಾದ ಶಬ್ಬಾತ್ ಪಾಲಿಸುವವರಾದರೆ, ಗುಂಡಿ ಒತ್ತದೆ ತಾನಾಗಿ ಪ್ರತಿ ಮಹಡಿಯಲ್ಲಿ ನಿಲ್ಲುವ ಶಬ್ಬಾತ್ ಲಿಫ್ಟ್ ಬೇಕು, ಇಲ್ಲದಿದ್ದರೆ ವಾರಕ್ಕೊಂದು ದಿನ ಮನೆಯೊಳಗೇ ಬಂಧಿ. ಸಿನಗಾಗಿಗೆ ಇರುವ ದೂರವನ್ನು ನಡೆದೇ ಅಳೆಯಬೇಕು, ಹೋಗುವಾಗ ಇಳಿಜಾರಾದರೆ ಬರುವಾಗ ಏರು ಎಂಬುದನ್ನೂ ಲೆಕ್ಕಕ್ಕಿಡಬೇಕು. 1990ರ ದಶಕದ ಆರಂಭದಿಂದ ಕಟ್ಟಿದ ಮನೆಗಳಲ್ಲಿ ಮಮಾದ್ ಎಂಬ ದಪ್ಪ ಕಾಂಕ್ರೀಟಿನ ರಕ್ಷಣಾ ಕೋಣೆ ಇರುತ್ತದೆ. ಹಳೆಯ ಕಟ್ಟಡಗಳಲ್ಲಿ ನೆಲಮಾಳಿಗೆಗೆ ಇಳಿಯಬೇಕು. ರಾಕೆಟ್ ದಾಳಿಯ ಸೈರನ್ ಮೊಳಗಿದ ಮೇಲೆ ಜೆರುಸಲೇಮಿನಲ್ಲಿ 90 ಸೆಕೆಂಡು ಸಿಗುತ್ತದೆ, ಗಾಜಾ ಗಡಿಯ ಸ್ದೆರೋತ್‌ನಲ್ಲಿ 15. ಊರುಗೋಲು ಹಿಡಿದವರು ಅಷ್ಟರಲ್ಲಿ ಮೂರು ಮಹಡಿ ಇಳಿಯಲಾರರು. ಈ ವಯಸ್ಸಿನವರಿಗೆ ಮನೆಯೊಳಗೇ ಮಮಾದ್ ಇರಬೇಕು, ಇದರಲ್ಲಿ ರಾಜಿ ಬೇಡ.

ಎರಡನೇ ಮಲಗುವ ಕೋಣೆ ಬೇಕಿರುವುದು ಮೊಮ್ಮಕ್ಕಳಿಗಷ್ಟೇ ಅಲ್ಲ. ಮುಂದೆ ಮನೆಯಲ್ಲೇ ಉಳಿದು ಆರೈಕೆ ಮಾಡುವವರು ಬೇಕಾದರೆ ಅವರಿಗೆ ಸ್ವಂತ ಜಾಗ ಕೊಡಬೇಕು. ಇಸ್ರೇಲಿನಲ್ಲಿ ಈ ಕೆಲಸ ಮಾಡುವವರಲ್ಲಿ ಹೊರದೇಶದವರು ಬಹಳ, ನಮ್ಮ ಮಂಗಳೂರು, ಉಡುಪಿ ಕಡೆಯವರೂ ಇದ್ದಾರೆ. ಹೊರದೇಶದ ಆರೈಕೆದಾರರನ್ನು ಇಟ್ಟುಕೊಳ್ಳಲು ಸರ್ಕಾರದ ಅನುಮತಿ ಬೇಕು. ಸ್ನಾನ, ಊಟ, ಬಟ್ಟೆ, ಓಡಾಟದಲ್ಲಿ ಎಷ್ಟು ಅವಲಂಬನೆ ಇದೆ ಎಂದು ಪರೀಕ್ಷಿಸಿ ಕೊಡುತ್ತಾರೆ.

ಮೊದಲ ವರ್ಷ ಬಾಡಿಗೆ ಮನೆಯೇ ಸರಿ. ಮನೆ ಮಾಲೀಕರು ಜಾಮೀನುದಾರರನ್ನು, ಭದ್ರತೆಯ ಚೆಕ್‌ಗಳನ್ನು ಅಥವಾ ಬ್ಯಾಂಕ್ ಗ್ಯಾರಂಟಿಯನ್ನು ಕೇಳುತ್ತಾರೆ. ಬಂದ ವಾರದಲ್ಲಿ ಚೆಕ್ ಪುಸ್ತಕವೇ ಇರುವುದಿಲ್ಲ, ಆದ್ದರಿಂದ ಮೊದಲ ತಿಂಗಳಿಗೆ ಅಲ್ಪಾವಧಿಯ ಮನೆ ಗೊತ್ತುಮಾಡಿ ಹೋಗಬೇಕು.

ಸಾಮಾನು

ಇಪ್ಪತ್ತು ಅಡಿ ಕಂಟೇನರಿನಲ್ಲಿ ಸುಮಾರು 33 ಘನ ಮೀಟರ್ ಹಿಡಿಸುತ್ತದೆ. ಎರಡು ಮಲಗುವ ಕೋಣೆಯ ಮನೆಗೆ ಅಷ್ಟೂ ಬೇಕಿಲ್ಲ. ಹೊಸ ವಲಸಿಗರು ಮೂರು ವರ್ಷದೊಳಗೆ ಮೂರು ಸಾಗಣೆಗಳನ್ನು ಆಮದು ತೆರಿಗೆ ವಿನಾಯಿತಿಯಲ್ಲಿ ತರಿಸಬಹುದು, ಹಾಗಾಗಿ ಎಲ್ಲವನ್ನೂ ಒಂದೇ ಸಲ ತುಂಬುವ ಅಗತ್ಯವೂ ಇಲ್ಲ. ಅಮೆರಿಕದ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್, ಇಸ್ರೇಲಿನದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸ್ ಹಾಗೇ ಉಳಿಯುತ್ತದೆ. ಅದರಿಂದ ಮೋಟಾರ್ ಇರುವ ಸಾಮಾನು ನಿಧಾನವಾಗಿ ತಿರುಗಿ ಬಿಸಿಯೇರಿ ಕೆಡುತ್ತದೆ. ಫ್ರಿಜ್, ವಾಷಿಂಗ್ ಮೆಷಿನ್, ಮಿಕ್ಸರ್ ಬಿಟ್ಟುಹೋಗುವುದು ವಾಸಿ. ನಿದ್ರೆಯಲ್ಲಿ ಉಸಿರಾಟಕ್ಕೆ ಬಳಸುವ ಸಿಪ್ಯಾಪ್ ಯಂತ್ರದ ಮೇಲೆ 100–240 ಎಂದು ಬರೆದಿದ್ದರೆ ಪ್ಲಗ್ ಬದಲಿಸಿದರೆ ಸಾಕು.

ಪುಸ್ತಕಗಳನ್ನು ಚಿಕ್ಕ ಪೆಟ್ಟಿಗೆಗಳಲ್ಲೇ ತುಂಬಬೇಕು. ಹರಿದುಹೋದ ಪ್ರಾರ್ಥನಾ ಪುಸ್ತಕಗಳನ್ನು ಕಸಕ್ಕೆ ಹಾಕುವಂತಿಲ್ಲ, ಹಳೆಯ ಪವಿತ್ರ ಗ್ರಂಥಗಳನ್ನು ಇಡುವ ಸಿನಗಾಗಿನ ಗೆನಿಝಾಕ್ಕೆ ಕೊಡಬೇಕು. ಬಾಗಿಲಿನ ಚೌಕಟ್ಟಿಗೆ ಹಾಕುವ ಪವಿತ್ರ ಬರಹದ ಸುರುಳಿಗಳಾದ ಮೆಝುಝಾಗಳನ್ನು, ಮನೆಗೆ ಬರುವವರು ಯಹೂದಿಗಳಾದರೆ ಬಿಟ್ಟುಹೋಗಬೇಕು, ಅಲ್ಲದಿದ್ದರೆ ತೆಗೆದುಕೊಂಡು ಹೋಗಬೇಕು. ಯಹೂದಿ ಆಚಾರದಂತೆ ಬೇರೆ ಬೇರೆ ಇಡಬೇಕಾದ ಮಾಂಸದ ಪಾತ್ರೆ, ಹಾಲಿನ ಪಾತ್ರೆ, ಪೆಸಾಖ್ ಹಬ್ಬದ ಪಾತ್ರೆಗಳ ಪೆಟ್ಟಿಗೆಗಳಿಗೆ ಮೂರು ಬಣ್ಣದ ಪಟ್ಟಿ ಅಂಟಿಸಿದರೆ ಬಿಚ್ಚುವ ದಿನ ಕಲಬೆರಕೆ ಆಗುವುದಿಲ್ಲ. ಅಜ್ಜಿಯ ಕಾಲದ ದೀಪಸ್ತಂಭ, ಶಬ್ಬಾತಿನ ಪ್ರಾರ್ಥನೆಗೆ ದ್ರಾಕ್ಷಾರಸ ತುಂಬುವ ಕಿದ್ದುಶ್ ಬಟ್ಟಲು, ಕೆತುಬಾ ಕೈಯಲ್ಲೇ ಹೋಗಲಿ. ನಾವೇ ಕಟ್ಟಿದ ಪೆಟ್ಟಿಗೆಯೊಳಗೆ ಒಡೆದದ್ದಕ್ಕೆ ಸಾಗಣೆ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ಗಾಜು ಪಿಂಗಾಣಿಯನ್ನು ಕಂಪನಿಯವರೇ ಕಟ್ಟಲಿ.

ಉಯಿಲು, ಮೊದಲ ವಾರ

ಅಮೆರಿಕದ ಆಸ್ತಿಗೆ ಅಲ್ಲಿನ ಉಯಿಲು, ಇಸ್ರೇಲಿನ ಆಸ್ತಿಗೆ ಇಸ್ರೇಲಿನದು ಎಂದು ಎರಡು ಬರೆಸುವಾಗ ಒಂದು ಸಾಲು ಅಪಾಯಕಾರಿ: ‘ಹಿಂದಿನ ಎಲ್ಲ ಉಯಿಲುಗಳನ್ನು ರದ್ದುಪಡಿಸುತ್ತೇನೆ’. ಎರಡನೆಯದರಲ್ಲಿ ಇದು ಉಳಿದರೆ ಮೊದಲನೆಯದು ಅಳಿಯುತ್ತದೆ. ಪ್ರತಿ ಉಯಿಲಿನಲ್ಲೂ ಅದು ಯಾವ ದೇಶದ ಆಸ್ತಿಗೆ ಎಂದು ಬರೆಸಬೇಕು, ಎರಡೂ ಕಡೆಯ ವಕೀಲರಿಗೆ ಇನ್ನೊಂದು ಉಯಿಲನ್ನು ತೋರಿಸಬೇಕು. ನೆನಪು ಕುಂದಿದಾಗ ತನ್ನ ಪರವಾಗಿ ಯಾರು ತೀರ್ಮಾನಿಸಬೇಕು ಎಂದು ಮೊದಲೇ ಬರೆದಿಡುವ ನಿರಂತರ ಅಧಿಕಾರ ಪತ್ರ ಇಸ್ರೇಲಿನಲ್ಲಿ 2017ರಿಂದ ಇದೆ. ಅದನ್ನು ಅಲ್ಲಿ ತರಬೇತಿ ಪಡೆದ ವಕೀಲರ ಮೂಲಕವೇ ಮಾಡಿಸಬೇಕು.

ಬೆನ್ ಗುರಿಯೊನ್ ವಿಮಾನ ನಿಲ್ದಾಣದಲ್ಲಿ ವಲಸಿಗರ ಪುಸ್ತಿಕೆಯಾದ ತೆಉದಾತ್ ಓಲೆ ಸಿಗುತ್ತದೆ. ಅಲ್ಲೇ ಹೀಬ್ರೂವಿನಲ್ಲಿ ಬರೆದ ಹೆಸರನ್ನು ಅಕ್ಷರ ಅಕ್ಷರ ಓದಿ ನೋಡಬೇಕು. ಅಲ್ಲಿ ಬಿದ್ದ ತಪ್ಪು ಗುರುತಿನ ಚೀಟಿ, ಬ್ಯಾಂಕು, ಆರೋಗ್ಯ ನಿಧಿ ಎಲ್ಲಕ್ಕೂ ಹರಡುತ್ತದೆ. ಮರುದಿನದಿಂದ ಬ್ಯಾಂಕ್ ಖಾತೆ, ಆರೋಗ್ಯ ನಿಧಿಯ ಕ್ಲಿನಿಕ್, ವಲಸೆ ಸಚಿವಾಲಯದ ಸ್ಥಳೀಯ ಕಚೇರಿ, ಈ ಕ್ರಮದಲ್ಲಿ ಹೋಗುವುದು ಸಲೀಸು, ಸಾಲ್ ಕ್ಲಿತಾದ ಮುಂದಿನ ಕಂತುಗಳು ಖಾತೆಗೇ ಬರುವುದು. ಅರ್ನೋನಾ ಎಂಬ ಪುರಸಭೆಯ ತೆರಿಗೆಯಲ್ಲಿ ಮೊದಲ 24 ತಿಂಗಳೊಳಗಿನ 12 ತಿಂಗಳಿಗೆ, 100 ಚದರ ಮೀಟರ್‌ವರೆಗೆ, 90 ಶೇಕಡಾದಷ್ಟು ರಿಯಾಯಿತಿ ಇದೆ. ಕೇಳದಿದ್ದರೆ ಅದು ತಾನಾಗಿ ಸಿಗುವುದಿಲ್ಲ. ಕುಟುಂಬ ವೈದ್ಯರನ್ನು ಮೊದಲ ವಾರವೇ ಕಂಡು ಔಷಧಿಯ ಪಟ್ಟಿ ದಾಖಲಿಸಬೇಕು. ಅವರು ಆಸ್ಪತ್ರೆಯ ತಜ್ಞರ ಬಳಿ ಕಳಿಸಿದರೆ ಫಾರ್ಮ್ 17 ಎಂಬ ಪಾವತಿಯ ಒಪ್ಪಿಗೆ ಪತ್ರವನ್ನು ನಿಧಿಯಿಂದ ಮೊದಲೇ ಪಡೆಯಬೇಕು, ಅದಿಲ್ಲದೆ ಹೋದರೆ ಬಿಲ್ಲು ನೇರ ಮನೆಗೆ ಬರುತ್ತದೆ. ಆ ಫಾರ್ಮನ್ನು ನಿಧಿಯ ಆ್ಯಪಿನಲ್ಲಿ ಕೇಳುವುದು ಹೇಗೆಂದು ಗಂಡ ಹೆಂಡತಿ ಇಬ್ಬರೂ, ತಮ್ಮ ತಮ್ಮ ಫೋನಿನಲ್ಲಿ, ತಾವೇ ಒಮ್ಮೆ ಮಾಡಿ ಕಲಿಯಬೇಕು.